ಕೆಳಗಿನ ಕೆರೆಯ ತೂಬು

ಫೆಬ್ರವರಿ ಬಂತೆಂದರೆ ನನ್ನ ಮುಖ ಯಾರಿಗೂ ಬೇಡ.
ಕೋಲಾರದ ಈ ಆಸ್ಪತ್ರೆಯಲ್ಲಿ, ಎಕ್ಸ್‌ರೇ ಕೋಣೆಯ ಹಿಂದೆ,
ಸಂಬಳದ ಬಿಲ್ಲು ಮಾಡುವ ಗಂಗುಲಪ್ಪ ನಾನು.
ವರ್ಷವಿಡೀ ಲೆಕ್ಕ ಕೊಡದವರ ತೆರಿಗೆಯನ್ನು
ಒಂದೇ ತಿಂಗಳಲ್ಲಿ ಮುರಿದುಕೊಳ್ಳುವ ಕೈ ನನ್ನದು.
ದಿನಕ್ಕೆ ನೂರು ಸೂಜಿ ಚುಚ್ಚುವವರೂ
ನನ್ನ ಕಂಡರೆ ಮುಖ ಕಿವುಚುತ್ತಾರೆ.

ಆ ಸಂಜೆ ಸಿಸ್ಟರ್ ಎಸ್ತರ್ ಸುಗುಣ ಬಂದರು
ರಾತ್ರಿ ಪಾಳಿಗೆ ಅರ್ಧ ಗಂಟೆ ಮುಂಚೆ.
ಕೈಯಲ್ಲೊಂದು ಅರ್ಜಿ, ಮುತ್ತಿನಂಥ ಅಕ್ಷರ:
ವಿಷಯ, ಬಡ್ತಿ ನಿರಾಕರಿಸುವ ಬಗ್ಗೆ.
"ವರ್ಷಕ್ಕೆ ನಲವತ್ತು ಸಾವಿರ ಹೆಚ್ಚಂತೆ,
ಅಷ್ಟಕ್ಕೇ ಇಪ್ಪತ್ತು ಪರ್ಸೆಂಟಿನ ಸಾಲಿಗೆ ಬೀಳ್ತೀನಂತೆ.
ಹದಿನಾರು ಲಕ್ಷಕ್ಕೆ ಇಪ್ಪತ್ತು ಅಂದರೆ
ಮೂರು ಲಕ್ಷದ ಇಪ್ಪತ್ತು ಸಾವಿರ!
ಆ ಕುರ್ಚಿ ಬ್ಯಾಡಪ್ಪ ನನಗೆ,
ಇದ್ದದ್ದೂ ತಿಂದುಬಿಡುತ್ತೆ."

ಕಂಪ್ಯೂಟರಿನಲ್ಲಿ ತೋರಿಸಿದೆ. ಅಂಕಿಗಳು ಇರುವೆಸಾಲು.
ಅವರ ಕಣ್ಣು ಗೋಡೆ ಗಡಿಯಾರದಲ್ಲಿ.
ಆಗ ನೆನಪಾದವನು ಅಪ್ಪ,
ನೀರಗಂಟಿ ಪಿಳ್ಳಪ್ಪ,
ಹೆಗಲಲ್ಲಿ ಸನಿಕೆ, ಬಾಯಲ್ಲಿ ಎಲೆಯಡಿಕೆ,
ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು
ನೆರಳು ನೋಡಿ ಹೇಳುತ್ತಿದ್ದವನು.

"ನಮ್ಮ ಸೀಮೆಯಲ್ಲಿ ಕೆರೆ ಒಂಟಿಯಾಗಿರಲ್ಲ ಸಿಸ್ಟರ್,
ಒಂದರ ಕೋಡಿ ಇನ್ನೊಂದರ ಬಾಯಿಗೆ.
ಎಲ್ಲಕ್ಕಿಂತ ಮೇಲಿನದು ನಾಲ್ಕು ಲಕ್ಷ ಹಿಡಿಯುತ್ತೆ,
ಅದಕ್ಕೆ ತೂಬೇ ಇಟ್ಟಿಲ್ಲ.
ಅದು ತುಂಬಿ ಕೋಡಿ ಬಿದ್ದ ನೀರು ಎರಡನೆಯದಕ್ಕೆ.
ಅಲ್ಲಿ ತೂಬಿನ ಕಣ್ಣು ಕಿರಿದು, ನೂರು ಕೊಡಕ್ಕೆ ಐದು.
ಮೂರನೆಯದಕ್ಕೆ ಹತ್ತು. ನಾಲ್ಕನೆಯದಕ್ಕೆ ಹದಿನೈದು.
ಹನ್ನೆರಡರ ಹತ್ತಿರ ಒಂದು ರಿಯಾಯಿತಿಯ ತಿರುವಿದೆ,
ನೀವು ಅದನ್ನು ದಾಟಿ ಬಹಳ ದಿನವಾಯಿತು.
ಸ್ಟ್ಯಾಂಡರ್ಡ್ ಕಡಿತ ಕಳೆದು ನಿಮ್ಮ ನಾಲ್ಕೂ ತುಂಬಿವೆ.
ಇಪ್ಪತ್ತು, ನಲವತ್ತು, ಅರವತ್ತು,
ಕೂಡಿದರೆ ಒಂದು ಲಕ್ಷದ ಇಪ್ಪತ್ತು ಸಾವಿರ,
ಮೇಲೊಂದು ಚಿಟಿಕೆ ಸೆಸ್ಸು. ಅಷ್ಟೇ.
ಈಗ ಬರೋ ನಲವತ್ತು ಸಾವಿರ
ಐದನೇ ಕೆರೆಯಲ್ಲಿ ಪಾದ ನೆನೆಯುವಷ್ಟು ನೀರು.
ಇಪ್ಪತ್ತರ ತೂಬು ಆ ನೀರಿಗೆ ಮಾತ್ರ.
ಕೆಳಗಿನ ಕೆರೆಯ ತೂಬು ಎತ್ತಿದರೆ
ಮೇಲಿನ ಕೆರೆ ಬತ್ತುತ್ತಾ?"

ಸಿಸ್ಟರ್ ಸುಮ್ಮನಾದರು.
ಡ್ರಿಪ್ಪಿನ ಹನಿ ಎಣಿಸುವಾಗಿನ ಮೌನ ಅದು.
"ಹೋಗೋದೆಷ್ಟು?"
"ಎಂಟು ಸಾವಿರದ ಮುನ್ನೂರ ಇಪ್ಪತ್ತು."
"ತಿಂಗಳಿಗೆ ಕೈಗೆ?"
"ಎರಡು ಸಾವಿರದ ಆರುನೂರ ನಲವತ್ತು."
ಅವರು ನಕ್ಕೇಬಿಟ್ಟರು:
"ಇಷ್ಟಕ್ಕೆ ನಲವತ್ತು ನರ್ಸುಗಳ ಡ್ಯೂಟಿ ಪಟ್ಟಿ ಬರೀಬೇಕಾ,
ಹಬ್ಬಕ್ಕೆ ರಜಾ ಕೊಡದ ಪಾಪ ಹೊರಬೇಕಾ?"
ಅದಕ್ಕೆ ನನ್ನಲ್ಲಿ ತೂಬಿರಲಿಲ್ಲ.

ನೆಲ ಒರೆಸುತ್ತಿದ್ದ ಕದಿರಮ್ಮ ಕೋಲು ನಿಲ್ಲಿಸಿದಳು.
ಗುತ್ತಿಗೆಯ ಆಳು. ಅವಳ ಬಿಲ್ಲು ನನ್ನ ಹತ್ತಿರ ಬರುವುದಿಲ್ಲ.
"ಸಾರ್, ನನ್ನ ಕೆರೆ ಯಾವುದು?"
"ಮೇಲಿನದೇ ಕಣಮ್ಮ. ಅದರ ಅರ್ಧಕ್ಕೂ ಇಲ್ಲ ನಿನ್ನ ನೀರು.
ನಿನಗೆ ತೆರಿಗೆ ಇಲ್ಲ."
ಸೊಂಟದ ಚೀಲದಿಂದ ಒಂದು ರಸೀದಿ ತೆಗೆದಳು,
ಫೋನಿನ ಗಾಜು ಹಾಕಿಸಿದ್ದು, ಕ್ಲಾಕ್ ಟವರಿನ ಹತ್ತಿರ.
ಕೂಲಿ ಗಾಜು ಸೇರಿ ಐನೂರು. ಕೆಳಗಿನ ಸಾಲಿನಲ್ಲಿ ತೊಂಬತ್ತು.
"ಮಗಳು ಓದಿ ಹೇಳಿದಳು, ಇದೂ ಸರ್ಕಾರದ್ದೇ ಅಂತ.
ತೂಬಿಲ್ಲದ ಕೆರೆಯಲ್ಲಿ ಇದು ಎಲ್ಲಿಂದ ಹೋಯ್ತು ಸಾರ್?"

ಏರಿಯ ಕೆಳಗೆ ನೀರು ಜಿನುಗುವ ಜಾಗವೊಂದಿತ್ತು ಊರಲ್ಲಿ.
ಅಪ್ಪ ಅಲ್ಲಿಗೆ ಬಂದಾಗ ಮಾತು ನಿಲ್ಲಿಸುತ್ತಿದ್ದ.
ನಾನೂ ನಿಲ್ಲಿಸಿದೆ.

ಸಿಸ್ಟರ್ ಅರ್ಜಿ ಹರಿಯಲಿಲ್ಲ. ಮಡಿಸಿ,
ಹಿಂಬದಿಗೆ ೨೬೪೦ ಎಂದು ಬರೆದುಕೊಂಡು ವಾರ್ಡಿಗೆ ಹೋದರು.
ಕದಿರಮ್ಮ ಬಕೆಟ್ಟು ಎತ್ತಿ ನಡೆದಳು.
ರಸೀದಿ ನನ್ನ ಮೇಜಿನ ಮೇಲೇ ಉಳಿಯಿತು,
ಸ್ಟೇಪ್ಲರಿನ ಅಡಿಯಲ್ಲಿ.
ಎಂಟು ದಿನವಾಯಿತು.
ಯಾವ ಕಡತಕ್ಕೆ ಸೇರಿಸಬೇಕೋ ತಿಳಿಯದು.